ನಲವತ್ತೈದನೆಯ ದಿನದ ಚಹಾ

ಐನಾಪುರದ ರಾವಸಾಹೇಬ ಚಹಾ ಬಿಟ್ಟನೆಂಬ ಸುದ್ದಿಯನ್ನು ಊರಿನವರು ಮೂರು ದಿನ ನಂಬಲಿಲ್ಲ. ನಾಲ್ಕನೆಯ ದಿನ ನಂಬಿದರು. ಏನು ಕಾಯಿಲೆಯೋ ಏನೋ ಎಂದು ಬಾಳೆಹಣ್ಣು ಹಿಡಿದುಕೊಂಡು ನೋಡಲು ಬಂದರು. ಬಂದವರಿಗೆಲ್ಲ ಅವನ ಹೆಂಡತಿ ಸೋನಾಬಾಯಿ ಚಹಾ ಮಾಡಿ ಕೊಟ್ಟಳು. ಕಾಯಿಲೆಯವನು ಮಾತ್ರ ಎದುರಿಗೆ ಕೂತು, ಗಡಿ ಗೆದ್ದು ಬಂದ ಸರದಾರನ ಗತ್ತಿನಲ್ಲಿ ಬರೀ ನೀರು ಕುಡಿದ.

ಊರಿನವರ ತಪ್ಪೇನಿಲ್ಲ. ಎಂಟೆಕರೆ ಕಬ್ಬು, ಮೂರೆಕರೆ ದ್ರಾಕ್ಷಿ, ದಿನಕ್ಕೆ ಹದಿನೆಂಟು ಕಪ್ಪು ಚಹಾ, ಇವು ಮೂರೂ ಕೂಡಿದರೆ ರಾವಸಾಹೇಬ ಎಂದು ಆ ಭಾಗದಲ್ಲಿ ಲೆಕ್ಕ. ಹಲ್ಲು ತಿಕ್ಕುವ ಮೊದಲು ಒಂದು, ತಿಕ್ಕಿದ ಮೇಲೆ ಇನ್ನೊಂದು. ಮನೆಯಿಂದ ತೋಟಕ್ಕೆ ಹೋಗುವ ದಾರಿಯಲ್ಲಿ ಬೇಕಾದವರ ಮನೆ ಏಳು, ಏಳೂ ಮನೆಯವರು ಕಟ್ಟೆಯಿಂದಲೇ ಕರೆಯುವವರು. ನಮ್ಮ ಕಡೆ ಚಹಾ ಒಲ್ಲೆ ಎಂದರೆ ನಿಮ್ಮ ಹೊಸ್ತಿಲು ಒಲ್ಲೆ ಎಂದ ಹಾಗೆ. ರಾವಸಾಹೇಬನಿಗೆ ಐವತ್ತೆರಡು ವರ್ಷದಲ್ಲಿ ಯಾರ ಹೊಸ್ತಿಲನ್ನೂ ಒಲ್ಲೆ ಎನ್ನುವ ಧೈರ್ಯ ಬಂದಿರಲಿಲ್ಲ.

ಆ ಧೈರ್ಯ ಬಂದದ್ದು ನಿದ್ದೆಯಿಂದ. ಎಂಬತ್ತೆಂಟನೆಯ ಇಸವಿಯ ಸಂಕ್ರಾಂತಿ ಮುಗಿದ ಮರುದಿನ ಹಾಲಿನ ಸೊಸೈಟಿಯವರು ಮೀರಜ ಕಡೆಯಿಂದ ಒಬ್ಬ ಭಾಷಣಕಾರನನ್ನು ಕರೆಸಿದ್ದರು. ಕೋಟು ಹಾಕಿದ ಆ ಮನುಷ್ಯ ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಮನಸ್ಸಿನ ಮೇಲೆ ಎರಡು ತಾಸು ಮಾತಾಡಿದ. ಮುಂದಿನ ಸಾಲಿನ ಕುರ್ಚಿಯಲ್ಲಿದ್ದ ರಾವಸಾಹೇಬ ಮೊದಲ ಹತ್ತು ನಿಮಿಷಕ್ಕೇ ನಿದ್ದೆ ಹೋದ. ನಡುವೆ ಮೈಕು ಕೀರಲು ದನಿ ತೆಗೆದಾಗ ಒಮ್ಮೆ ಎಚ್ಚರಾಯಿತು. ಆಗ ಕೋಟಿನವನು, ನಿಮ್ಮನ್ನು ಕುಣಿಸುವ ಒಂದು ಚಟವನ್ನು ಇಪ್ಪತ್ತೊಂದು ದಿನ ಬಿಟ್ಟು ನೋಡಿರಿ, ಮನಸ್ಸು ನಿಮ್ಮ ಮುಷ್ಟಿಯಲ್ಲಿ ಬಂದು ಕೂಡುತ್ತದೆ ಎಂದು ಮುಷ್ಟಿ ಎತ್ತಿ ತೋರಿಸುತ್ತಿದ್ದ. ಜನ ಚಪ್ಪಾಳೆ ಹೊಡೆದರು. ರಾವಸಾಹೇಬನೂ ಹೊಡೆದು ಮತ್ತೆ ಕಣ್ಣು ಮುಚ್ಚಿದ. ಮುಂದಿನ ಮಾತು ಅವನಿಗೆ ಕೇಳಲಿಲ್ಲ. ಹೆಂಗಸರ ಕಡೆ ಕೂತಿದ್ದ ಸೋನಾಬಾಯಿ ಮಾತ್ರ ಪೂರ್ತಿ ಕೇಳಿಸಿಕೊಂಡಿದ್ದಳು.

ಮರುದಿನವೇ ಶುರು. ಮೊದಲ ಮೂರು ದಿನ ತಲೆ ಸಿಡಿದು ಹೋಳಾಗುತ್ತದೋ ಎನ್ನಿಸಿತು. ಏಳೂ ಮನೆಯ ಮುಂದೆ ಅವನು ತಲೆ ತಗ್ಗಿಸಿ ಕಳ್ಳನ ಹಾಗೆ ದಾಟಿದ. ಆದರೆ ಒಂಬತ್ತನೆಯ ದಿನ ಬೆಳಿಗ್ಗೆ ದ್ರಾಕ್ಷಿ ಚಪ್ಪರದ ಕೆಳಗೆ ನಿಂತಾಗ ತಲೆನೋವು ಇರಲಿಲ್ಲ. ಮೈಯೆಲ್ಲ ಹಗುರ. ಅರೇ, ಬಿಟ್ಟೇಬಿಟ್ಟೆನಲ್ಲ ಎಂದುಕೊಂಡ. ಆ ಖುಷಿ ಹೊಟ್ಟೆಯಿಂದ ಎದ್ದು ಗಂಟಲಿಗೆ ಬಂತು, ಗಂಟಲಿಂದ ನಗೆಯಾಗಿ ಹೊರಬಿತ್ತು. ಒಬ್ಬನೇ ನಿಂತು ನಗುತ್ತಿರುವ ಧಣಿಯನ್ನು ಕಂಡು ಗೊಂಚಲು ಕೊಯ್ಯುವ ಹೆಂಗಸರು ಬೇರೆ ಸಾಲಿಗೆ ಸರಿದರು.

ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತಿ ಎತ್ತಿ ಒಗೆದನಂತೆ. ಇಪ್ಪತ್ತೊಂದು ದಿನ ಮುಗಿದರೂ ರಾವಸಾಹೇಬ ಚಹಾ ಹಿಡಿಯಲಿಲ್ಲ, ಬದಲಿಗೆ ತಂಬಾಕು ಬಿಟ್ಟ. ಮೂವತ್ತು ವರ್ಷದಿಂದ ದವಡೆಯಲ್ಲಿ ಮನೆ ಮಾಡಿಕೊಂಡಿದ್ದ ನಿಪ್ಪಾಣಿ ತಂಬಾಕು ಒಂದೇ ದಿನದಲ್ಲಿ ಹೋಯಿತು. ಅದಾದ ವಾರಕ್ಕೆ ಚಪ್ಪಲಿ ಬಿಟ್ಟ. ಬರಿಗಾಲಿಗೆ ಮಣ್ಣು ತಾಗಬೇಕು ಎಂದ. ನಂತರ ತನ್ನ ರಾಜದೂತ ಮೋಟರ್‌ಸೈಕಲ್ ಬಿಟ್ಟ. ಕಾಲಿರುವವನಿಗೆ ಗಾಡಿ ಯಾಕೆ ಎಂದ. ಪಡಸಾಲೆಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ಇವನ್ನೆಲ್ಲ ಒಂದರ ಕೆಳಗೊಂದು ಬರೆದ. ಕೊನೆಗೆ ಒಂದು ದಿನ 'ಸಿಟ್ಟು' ಎಂದೂ ಬರೆದಿದ್ದ. ಅದೇ ಮಧ್ಯಾಹ್ನ ತೋಟದ ಪಂಪು ಕೈಕೊಟ್ಟದ್ದರಿಂದ ಅದನ್ನು ತಾನೇ ಅಳಿಸಿ, ಅದರ ಜಾಗದಲ್ಲಿ 'ಸೋಮವಾರ ಮಾತು' ಎಂದು ಬರೆದ. ಪ್ರತಿ ಸೋಮವಾರ ಸೂರ್ಯ ಹುಟ್ಟಿದಾಗಿನಿಂದ ಮುಳುಗುವವರೆಗೆ ಮೌನ.

ಮನೆಯಲ್ಲಿ ಎಲ್ಲರಿಗೂ ಅವನನ್ನು ನೋಡುವುದೇ ಒಂದು ಆಟವಾಯಿತು. ಬೆಳಿಗ್ಗೆ ಅವನು ಸೀಮೆಸುಣ್ಣ ಕೈಗೆತ್ತಿಕೊಂಡರೆ ಸೋನಾಬಾಯಿ ಮಗಳು ಗಿರಿಜಳಿಗೆ, ಇವತ್ತು ಊಟವೋ ಉಡುಗೆಯೋ ನೋಡು ಎನ್ನುತ್ತಿದ್ದಳು. ಇಪ್ಪತ್ತರ ಗಿರಿಜಾ ಬಾಯಿಗೆ ಸೆರಗು ಒತ್ತಿಕೊಂಡು ಅಡುಗೆಮನೆಗೆ ಓಡುತ್ತಿದ್ದಳು. ರಾವಸಾಹೇಬನಿಗೆ ಅದಾವುದರ ಪರಿವೆಯೂ ಇರಲಿಲ್ಲ. ನಲವತ್ತು ದಿನದಲ್ಲಿ ಅವನ ಕಾಲು ನೆಲದ ಮೇಲೆ ನಿಲ್ಲುವುದನ್ನೇ ಮರೆತಿತ್ತು, ಅದೂ ಬರಿಗಾಲು.

ಇಂಥ ಹೊತ್ತಿನಲ್ಲಿ ಗಿರಿಜಳಿಗೆ ಗಂಡು ಬಂತು. ಸೋನಾಬಾಯಿಯ ತಮ್ಮ ಮುರಗೆಪ್ಪ ಹಿಡಿದು ತಂದ ಸಂಬಂಧ. ಕೃಷ್ಣಾ ಹೊಳೆಯ ದಂಡೆಯ ಜುಗೂಳದ ಲಗಮಣ್ಣನ ಮಗ ರಾಜಾರಾಮ. ಹೊಳೆಸಾಲಿನ ಕಬ್ಬು ನೋಡಿಕೊಂಡು, ಊರವರ ಪಂಪಿನ ಮೋಟರು ಕೆಟ್ಟರೆ ರಿಪೇರಿ ಮಾಡಿಕೊಡುವ ಹುಡುಗ. ಫೆಬ್ರವರಿ ಕೊನೆಯ ಭಾನುವಾರ ಲಗಮಣ್ಣ, ಅವನ ತಾಯಿ ಅಕ್ಕವ್ವ ಮತ್ತು ಹುಡುಗ ಹೆಣ್ಣು ನೋಡಲು ಬಂದರು. ಅವಲಕ್ಕಿ, ಲಾಡು ಆಯಿತು. ಅಕ್ಕವ್ವ ಹುಡುಗಿಯನ್ನು ನಡೆಸಿ ನೋಡಿದಳು, ಅಂಗೈ ಹಿಡಿದು ನೋಡಿದಳು, ಸಜ್ಜೆರೊಟ್ಟಿ ಬಡಿಯಲು ಬರುತ್ತದೆಯೇ ಎಂದು ಕೇಳಿದಳು. ಹುಡುಗ ಏನಾದರೂ ಕೇಳಲಿ ಎಂದು ಮುರಗೆಪ್ಪ ಹೇಳಿದಾಗ ರಾಜಾರಾಮ ಗೋಡೆಯಿಂದ ಕಣ್ಣು ತೆಗೆದು ಅವಳನ್ನು ನೋಡಿದ.

"ನಿಮಗ ಈಜಾಕ ಬರತೈತೇನ್ರಿ? ನಮ್ಮನಿ ಹೊಳಿ ದಂಡಿಗೇ ಐತಿ."

"ಬಾವ್ಯಾಗ ಬರತೈತ್ರಿ," ಎಂದಳು ಗಿರಿಜಾ. "ಹೊಳ್ಯಾಗ ಬಂದ ಮ್ಯಾಲ ಕಲೀತೀನ್ರಿ."

ಬಂದ ಮೇಲೆ ಎಂದಳಲ್ಲ. ಹೇಳಿದ ಮೇಲೆ ಅವಳಿಗೇ ಗೊತ್ತಾಗಿ, ನಗು ತಡೆಯಲಾರದೆ ಒಳಗೆ ಓಡಿದಳು. ರಾಜಾರಾಮನ ಕಿವಿ ಕೆಂಪಾಯಿತು. ಅಕ್ಕವ್ವ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು. ಎಲ್ಲ ಮುಗಿದಂತೆಯೇ ಇತ್ತು, ಉಳಿದದ್ದು ಚಹಾ ಒಂದೇ.

ಈ ಚಹಾದ ರೂಢಿಯನ್ನು ಇಲ್ಲಿ ಹೇಳಲೇಬೇಕು. ನಮ್ಮಲ್ಲಿ ಸಂಬಂಧ ಒಲ್ಲೆವು ಎಂದು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ. ಎದುರು ಬಂದವರ ಮುಖಕ್ಕೆ ಒಲ್ಲೆ ಎನ್ನಬಾರದು. ಹೆಣ್ಣಿನ ತಂದೆ ಮತ್ತು ಗಂಡಿನ ತಂದೆ ಮುಖಾಮುಖಿ ಕೂತು ಚಹಾ ಕುಡಿದರೆ ಮಾತು ಆಯಿತು ಎಂದರ್ಥ. ಯಾರಾದರೂ ಒಬ್ಬರು ಹೊಟ್ಟೆ ಸರಿಯಿಲ್ಲ, ಈಗಷ್ಟೇ ಆಯಿತು ಎಂದು ಏನೋ ನೆಪ ಹೇಳಿ ಕಪ್ಪು ಸರಿಸಿದರೆ ಇನ್ನೊಬ್ಬರು ತಿಳಿದುಕೊಂಡು, ಸಿಟ್ಟು ಮಾಡಿಕೊಳ್ಳದೆ, ಹವಾಮಾನದ ಮಾತಾಡಿ ಎದ್ದು ಹೋಗುತ್ತಾರೆ. ಎಷ್ಟೋ ಮನೆಗಳ ಮಾನ ಈ ಒಂದು ಕಪ್ಪಿನಿಂದ ಉಳಿದಿದೆ.

ರಾವಸಾಹೇಬನಿಗೆ ಇದು ಗೊತ್ತಿರಲಿಲ್ಲವೆಂದಲ್ಲ. ಅವನೇ ಹತ್ತು ಸಂಬಂಧಗಳಲ್ಲಿ ಹೀಗೆ ಕೂತು ಕುಡಿದವನು. ಆದರೆ ಅವತ್ತು ಅವನ ತಲೆಯಲ್ಲಿ ನಲವತ್ನಾಲ್ಕು ದಿನದ ಗಾಳಿ ತುಂಬಿತ್ತು. ಲಗಮಣ್ಣ ಕಪ್ಪಿನ ಕೆಳಗಿನ ಬಶಿಗೆ ಚಹಾ ಸುರಿದುಕೊಂಡು ಕಾಯುತ್ತ ಕೂತರೆ, ಇವನು ತನ್ನ ಕಪ್ಪನ್ನು ಎರಡು ಬೆರಳಿನಿಂದ ಮೆಲ್ಲಗೆ ಆಚೆ ತಳ್ಳಿ, ನಾನು ಚಹಾ ಬಿಟ್ಟಿದ್ದೇನೆ ಎಂದ. ಬಿಟ್ಟರೆ ಹೇಗಿರುತ್ತದೆ ಎಂದು ಹತ್ತು ನಿಮಿಷ ವಿವರಿಸಿದ. ಮನುಷ್ಯನಿಗೆ ಒಲ್ಲೆ ಎನ್ನಲು ಬರಬೇಕು, ಒಲ್ಲೆ ಎನ್ನಲು ಬಾರದವನ ಬಾಳು ಬಾಳೇ ಅಲ್ಲ ಎಂದ. ಕೊನೆಗೆ, ನಾನು ಒಮ್ಮೆ ಬಿಟ್ಟೆನೆಂದರೆ ಬಿಟ್ಟೆ, ಇವತ್ತು ಬಿಟ್ಟು ನಾಳೆ ಹಿಡಿಯುವ ಜಾತಿಯವನಲ್ಲ ಎಂದು, ಕೋಟಿನವನ ಹಾಗೆ ಮುಷ್ಟಿ ಎತ್ತಿ ತೋರಿಸಿದ.

ಲಗಮಣ್ಣ ಬಶಿ ಕೆಳಗಿಟ್ಟ. ಡಿಸೆಂಬರಿನಲ್ಲಿ ಸಕ್ಕರೆ ಕಾರ್ಖಾನೆಯ ತೂಕದ ಕಾಟಾದ ಮುಂದೆ ಕಬ್ಬಿನ ಗಾಡಿ ಸರದಿಗೆ ನಿಂತಾಗ ಇದೇ ರಾವಸಾಹೇಬ ತನ್ನ ಜೊತೆ ಆರು ಕಪ್ಪು ಚಹಾ ಕುಡಿದದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಅವನು ಮುಖದ ಮೇಲೆ ಒಂದು ಗೆರೆಯನ್ನೂ ಅಲುಗಿಸದೆ, ಈ ಸಲ ಬಿಸಿಲು ಬೇಗ ಬಂತು ಎಂದು ಹೇಳಿ ಎದ್ದುನಿಂತ. ಮುರಗೆಪ್ಪ ಆಗ ಎಲೆಅಡಿಕೆ ತರಲು ಪೇಟೆಗೆ ಹೋಗಿದ್ದ. ಸೋನಾಬಾಯಿ ಅಡುಗೆಮನೆಯಲ್ಲಿದ್ದಳು. ಬಿಸಿಲು ಬೇಗ ಬಂದದ್ದು ಹೌದು ಎಂದು ರಾವಸಾಹೇಬ ಖುಷಿಯಿಂದ ಅವರನ್ನು ಬಾಗಿಲವರೆಗೆ ಕಳಿಸಿಬಂದ.

ಸೋಮವಾರ ಎಂಟು ಗಂಟೆಗೆ ಮುರಗೆಪ್ಪ ಬೆವರು ಒರೆಸಿಕೊಳ್ಳುತ್ತ ಬಂದ. ಬೆಳಿಗ್ಗೆಯೇ ಜುಗೂಳಕ್ಕೆ ಹೋಗಿ ಬಂದಿದ್ದ. ಸಂಬಂಧ ಮುರಿದಿತ್ತು. ಲಗಮಣ್ಣ ಒಂದು ಕೆಟ್ಟ ಮಾತೂ ಆಡಿರಲಿಲ್ಲ, ಅದೇ ಕೆಟ್ಟದ್ದು. ನಾಳೆ ಮುಂಜಾನೆ ರಾಯಬಾಗದ ಕಡೆ ಬೇರೆ ಹೆಣ್ಣು ನೋಡಲು ಹೊರಟಿದ್ದರು. ರಾವಸಾಹೇಬ ಮಾಮಾ ನಿಜವಾಗಿಯೂ ಚಹಾ ಬಿಟ್ಟಿದ್ದಾನೆ ಎಂದು ಮುರಗೆಪ್ಪ ತನ್ನ ಮಕ್ಕಳ ಮೇಲೆ ಆಣೆ ಮಾಡಿ ಹೇಳಿದರೂ ಲಗಮಣ್ಣ ನಕ್ಕುಬಿಟ್ಟನಂತೆ. ರಾವಸಾಹೇಬ ಚಹಾ ಬಿಡುವುದೂ ಒಂದೇ, ಕೃಷ್ಣಾ ಹೊಳೆ ನೀರು ಬಿಡುವುದೂ ಒಂದೇ ಎಂದನಂತೆ.

ರಾವಸಾಹೇಬ ಬಾಯಿ ತೆರೆದ. ಗೋಡೆಯ ಕೊನೆಯ ಸಾಲು ಕಣ್ಣಿಗೆ ಬಿತ್ತು, ಮುಚ್ಚಿದ. ಮತ್ತೆ ತೆರೆದ, ಮತ್ತೆ ಮುಚ್ಚಿದ. ಹೊಂಡದಿಂದ ಎತ್ತಿಹಾಕಿದ ಮೀನಿನ ಹಾಗೆ ಅವನು ಬಾಯಿ ಆಡಿಸುವುದನ್ನು ಕಂಡು ಮುರಗೆಪ್ಪ ತಲೆಯ ಮೇಲೆ ಕೈಹೊತ್ತು ಕೂತ. ಆದರೆ ಸೋನಾಬಾಯಿ ಕೂಡಲಿಲ್ಲ. ಮೂವತ್ತು ವರ್ಷದ ಸಂಸಾರದಲ್ಲಿ ಗಂಡ ನಡುವೆ ಬಾಯಿ ಹಾಕದೆ ಕೇಳಿಸಿಕೊಳ್ಳುವ ದಿನ ಅವಳಿಗೆ ಅದೇ ಮೊದಲನೆಯದು. ಅದನ್ನು ವ್ಯರ್ಥ ಮಾಡುವ ಹೆಣ್ಣಲ್ಲ ಅವಳು.

"ಆ ಕೋಟಿನಾವ ಅವತ್ತ ಇನ್ನೊಂದ ಮಾತ ಹೇಳಿದ್ದರಿ," ಎಂದಳು. "ನೀವು ಗೊರಕಿ ಹೊಡ್ಯಾಕತ್ತಿದ್ರಿ. ಒಂದ ಬಿಟ್ರ ಅದರ ಜಾಗಾಕ ಒಂದ ಹಿಡೀಬೇಕು, ಬರೇ ಬಿಟಗೋತ ಹೋದ್ರ ಮನಿ ಖಾಲಿ ಆಗತೈತಿ ಅಂದಿದ್ದ. ನೀವು ಏನ ಹಿಡದ್ರಿ? ಹೇಳ್ರಿ. ಒಂದರ ಹಿಡದೀರೇನ?"

ರಾವಸಾಹೇಬ ನೆಲ ನೋಡಿದ.

ಆಗ ಗಿರಿಜಾ ಒಳಗಿನಿಂದ ಬಂದಳು. ನಿನ್ನೆಯಿಂದ ಹಾಡಿನ ಹಾಗೆ ಮನೆ ತುಂಬ ಓಡಾಡಿದ್ದ ಹುಡುಗಿಯ ಮುಖ ಇವತ್ತು ಸಣ್ಣದಾಗಿತ್ತು. ಅಳುತ್ತಿರಲಿಲ್ಲ. ಗೂಡಿನಲ್ಲಿದ್ದ ಸೀಮೆಸುಣ್ಣ ತೆಗೆದು ಅಪ್ಪನ ಕೈಯಲ್ಲಿಟ್ಟಳು.

"ಗ್ವಾಡಿ ಮ್ಯಾಲ ಇನ್ನೂ ಜಾಗಾ ಐತಿ ಅಪ್ಪಾ. ಕೆಳಗ ನನ್ನ ಹೆಸರೂ ಬರೀ."

ಅಷ್ಟು ಹೇಳಿ ಒಳಗೆ ಹೋದಳು. ರಾವಸಾಹೇಬನ ಕೈಯಲ್ಲಿ ಆ ಸೀಮೆಸುಣ್ಣ ಕೆಂಡದ ಹಾಗೆ ಸುಟ್ಟಿತು. ನಲವತ್ತೈದು ದಿನ ತಲೆಯಲ್ಲಿ ತುಂಬಿದ್ದ ಗಾಳಿ ಒಂದೇ ಸಲಕ್ಕೆ ಇಳಿಯಿತು, ಆ ಜಾಗದಲ್ಲಿ ದೊಡ್ಡ ಹೆದರಿಕೆ ಬಂದು ಕೂತಿತು. ಅವನು ಸೀಮೆಸುಣ್ಣವನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಟೊಪ್ಪಿಗೆ ಸರಿಮಾಡಿಕೊಂಡು ಹೊರಗೆ ನಡೆದ.

ಅಂಗಳದಲ್ಲಿ ರಾಜದೂತ ನಿಂತಿತ್ತು. ರಾವಸಾಹೇಬ ಅದರ ಸೀಟಿನ ಮೇಲೆ ಕೈಯಿಟ್ಟ, ತೆಗೆದ. ಗಾಡಿ ಹಿಡಿಯಲೋ ಬೇಡವೋ ಎಂದು ಮನಸ್ಸು ಎರಡಾಗಿ ಎಳೆದಾಡಿತು. ಎಲ್ಲವನ್ನೂ ಒಂದೇ ದಿನ ಹಿಡಿದರೆ ಹಿಡಿದದ್ದಕ್ಕೂ ಬೆಲೆಯಿಲ್ಲ, ಬಿಟ್ಟದ್ದಕ್ಕೂ ಇಲ್ಲ ಎನ್ನಿಸಿತು. ಜುಗೂಳಕ್ಕೆ ಹೋಗಲು ಹಿಡಿಯಬೇಕಾದ ಕಾಗವಾಡದ ಬಸ್ಸು ಆಗಲೇ ಹೋಗಿತ್ತು, ಇನ್ನೊಂದು ಇದ್ದದ್ದು ಮಧ್ಯಾಹ್ನಕ್ಕೆ. ಬರಿಗಾಲಲ್ಲಿ ನಡೆಯತೊಡಗಿದ.

ಮೈಲಿ ನಡೆದಾದ ಮೇಲೆ ಅದೃಷ್ಟ ಚಕ್ಕಡಿಯ ರೂಪದಲ್ಲಿ ಬಂತು. ಕಾರ್ಖಾನೆಗೆ ಕಬ್ಬು ಹಾಕಿ ಖಾಲಿ ತಿರುಗಿದ್ದ ಬಂಡಿ. ತಾನು ಬಿಟ್ಟದ್ದು ಮೋಟರ್‌ಸೈಕಲ್ಲನ್ನು, ಎತ್ತಿನ ಬಂಡಿಯನ್ನಲ್ಲ ಎಂದು ರಾವಸಾಹೇಬ ಮನಸ್ಸಿನಲ್ಲೇ ತೀರ್ಪು ಕೊಟ್ಟು ಹತ್ತಿಕೂತ. ಬಂಡಿ ಹೊಡೆಯುವ ಗಂಗಾರಾಮ ಯಾವೂರು ಎಂದು ಕೇಳಿದ. ಇವನು ಕೈ ತೋರಿಸಿದ. ಎಲ್ಲಿಗೆ ಎಂದರೆ ಮತ್ತೆ ಕೈ ತೋರಿಸಿದ. ಪಾಪ, ಇಷ್ಟು ಚೆಂದದ ಟೊಪ್ಪಿಗೆಯ ಮನುಷ್ಯ ಮೂಕ ಎಂದುಕೊಂಡ ಗಂಗಾರಾಮ, ಮೂಕರಿಗೆ ಕಿವಿಯೂ ಕೇಳಿಸದು ಎಂಬ ತಿಳಿವಳಿಕೆಯಿಂದ ದಾರಿಯುದ್ದಕ್ಕೂ ಅವನ ಕಿವಿಯ ಹತ್ತಿರ ಬಂದು ಕಿರುಚಿ ಮಾತಾಡಿದ. ದಾರಿಯ ಹೋಟೆಲಿನ ಮುಂದೆ ಬಂಡಿ ನಿಲ್ಲಿಸಿ ಒಂದು ಕಪ್ಪು ಚಹಾ ತಂದು ಕೈಗೇ ಕೊಟ್ಟ. ಏಲಕ್ಕಿಯ ವಾಸನೆ ಮೂಗಿಗೆ ಬಡಿಯಿತು. ರಾವಸಾಹೇಬ ಕಪ್ಪನ್ನು ಹಿಡಿದುಕೊಂಡು ನೋಡಿದ. ಕುಡಿಯುವುದಾದರೆ ಇದನ್ನಲ್ಲ ಎಂದು ಅವನಿಗೆ ಆಗ ಹೊಳೆಯಿತು. ಕೈಮುಗಿದು ಕಪ್ಪು ಹಿಂದಕ್ಕೆ ಕೊಟ್ಟ. ಅಲ್ಲಿಂದ ಮುಂದೆ ಅವನ ಮೈಯಲ್ಲಿ ಮತ್ತೆ ಆ ಹಳೆಯ ನಗು ಏಳತೊಡಗಿತು.

ಜುಗೂಳದಲ್ಲಿ ಇಳಿದಾಗ ಸೂರ್ಯ ನೆತ್ತಿ ದಾಟಿದ್ದ. ಹೊಳೆಯ ದಂಡೆಯ ಮನೆ ಕಂಡುಹಿಡಿಯುವುದು ಕಷ್ಟವಾಗಲಿಲ್ಲ. ಕಟ್ಟೆಯ ಮೇಲೆ ಲಗಮಣ್ಣ ಕೂತು ಬಶಿಯಲ್ಲಿ ಚಹಾ ಕುಡಿಯುತ್ತಿದ್ದ. ಪಕ್ಕದಲ್ಲಿ ಅಕ್ಕವ್ವ ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ಅಂಗಳದಲ್ಲಿ ರಾಜಾರಾಮ ಒಂದು ಮೋಟರು ಬಿಚ್ಚಿ ಕೂತಿದ್ದವನು ಇವನನ್ನು ಕಂಡು ನಟ್ಟು ಬಿಚ್ಚುವ ಪಾನಾ ಕೈಯಲ್ಲಿ ಹಿಡಿದುಕೊಂಡೇ ಎದ್ದುನಿಂತ.

"ಬರ್ರಿ, ಕುಂದರ್ರಿ," ಎಂದ ಲಗಮಣ್ಣ. ನೀರಿನ ತಂಬಿಗೆ ಬಂತು. ಆದರೆ ಒಳಗೆ ತಿರುಗಿ ಚಹಾ ಇಡಿ ಎಂದು ಅವನು ಹೇಳಲಿಲ್ಲ. ನೆರೆಮನೆಯ ಹೆಂಗಸರು ಅದನ್ನು ಗಮನಿಸಿ ಗೋಡೆಯ ಹತ್ತಿರ ಬಂದು ನಿಂತರು. ಜುಗೂಳದಲ್ಲಿ ಬಂದವರಿಗೆ ಚಹಾ ಕೇಳದಿರುವುದು ಮಳೆಗಾಲದಲ್ಲಿ ಹೊಳೆ ಬತ್ತಿದಷ್ಟು ಅಪರೂಪ.

ರಾವಸಾಹೇಬ ಮಾತಾಡಲು ಬಾಯಿ ತೆರೆದ. ಸೋಮವಾರದ ಮೌನ ಮುರಿಯಬಹುದಿತ್ತು, ಮಗಳಿಗಿಂತ ಮೌನ ದೊಡ್ಡದಲ್ಲ. ಆದರೆ ಭಾನುವಾರ ಸಂಬಂಧ ಕೆಡಿಸಿದ್ದು ಅವನ ಮಾತೇ ಅಲ್ಲವೇ? ಇನ್ನು ಹತ್ತು ನಿಮಿಷ ಮಾತಾಡಿದರೆ ಲಗಮಣ್ಣನಿಗೆ ಇನ್ನೊಂದು ನೆಪ ಕೇಳಿಸಿದ ಹಾಗಾಗುತ್ತದೆ ಅಷ್ಟೇ. ಅವನು ಬಾಯಿ ಮುಚ್ಚಿ, ಎಡಗೈಯನ್ನು ಬಶಿಯ ಹಾಗೆ ಅಗಲ ಮಾಡಿ, ಬಲಗೈಯಿಂದ ಅದಕ್ಕೆ ಸುರಿದಂತೆ ಮಾಡಿ, ತುಟಿಗೆ ತಂದು ಸುರ್ ಎಂದು ಎಳೆದು ತೋರಿಸಿದ.

ಲಗಮಣ್ಣ ಮಿಕಿಮಿಕಿ ನೋಡಿದ. ಬೆಳೆಗೆ ಹೊಡೆಯುವ ಔಷಧ ಕುಡಿದಿದ್ದಾನೇನೋ ನೋಡಿರಿ ಎಂದು ಗೋಡೆಯಾಚೆಯ ಹೆಂಗಸೊಬ್ಬಳು ಗಾಬರಿಯಾದಳು. ಹಲ್ಲುನೋವು ಇರಬೇಕು, ಲವಂಗ ತರುತ್ತೇನೆ ಎಂದು ಅಕ್ಕವ್ವ ಏಳಹೋದಳು. ರಾವಸಾಹೇಬ ತಲೆ ಕೊಡವಿ ಮತ್ತೆ ಸುರಿದು, ಮತ್ತೆ ಎಳೆದು ತೋರಿಸಿದ. ಈ ಸಲ ಕಪ್ಪಿನ ಕಿವಿಯನ್ನೂ ಬೆರಳು ಮಡಿಸಿ ತೋರಿಸಿದ. ಒಬ್ಬ ಹುಡುಗಿ ಕಿಸಕ್ಕೆಂದಳು. ನಲವತ್ತೈದು ದಿನ ಊರೂರಿನಲ್ಲಿ ಒಲ್ಲೆ ಒಲ್ಲೆ ಎಂದು ಮೆರೆದವನು ಈಗ ಅಂಗಳದಲ್ಲಿ ನಿಂತು ಕೈಬಾಯಿ ತಿರುಗಿಸಿ ಚಹಾ ಬೇಡುತ್ತಿದ್ದ, ಯಾರೂ ಕೊಡುತ್ತಿರಲಿಲ್ಲ. ಅವನಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಹೊಟ್ಟೆಯೊಳಗಿಂದ ನಗುವೇ ಉಕ್ಕಿಬರುತ್ತಿತ್ತು.

ಸನ್ನೆಯಿಂದ ಆಗುವ ಕೆಲಸವಲ್ಲ ಎಂದು ತಿಳಿದ ಮೇಲೆ ಅವನು ಕಟ್ಟೆ ಹತ್ತಿದ. ಲಗಮಣ್ಣನ ಎದುರು ಚಕ್ಕಳಮಕ್ಕಳ ಹಾಕಿ, ಮೊಣಕಾಲಿಗೆ ಮೊಣಕಾಲು ತಾಗುವ ಹಾಗೆ ಕೂತ. ಲಗಮಣ್ಣನ ಕೈಯಲ್ಲಿದ್ದ, ಅರ್ಧ ಕುಡಿದಿದ್ದ ಬಶಿಯನ್ನು ಎರಡೂ ಕೈಯಿಂದ ತೆಗೆದುಕೊಂಡ. ಲಗಮಣ್ಣ ಬಿಡಲೋ ಹಿಡಿಯಲೋ ತಿಳಿಯದೆ ಬಿಟ್ಟುಕೊಟ್ಟ. ರಾವಸಾಹೇಬ ಕಣ್ಣು ಮುಚ್ಚಿ ಬಶಿಯನ್ನು ತುಟಿಗಿಟ್ಟು, ಸದ್ದು ಮಾಡಿ, ಕೊನೆಯ ಹನಿಯವರೆಗೆ ಕುಡಿದುಬಿಟ್ಟ.

ಮತ್ತೊಬ್ಬರು ಬಾಯಿಟ್ಟದ್ದನ್ನು ತಾಯಿ ಮಗುವಿನದು ತಿನ್ನುತ್ತಾಳೆ, ಹೆಂಡತಿ ಗಂಡನದು ತಿನ್ನುತ್ತಾಳೆ. ಹೆಣ್ಣಿನ ತಂದೆ ಗಂಡಿನ ತಂದೆಯ ಬಶಿಯಿಂದ ಕುಡಿದದ್ದನ್ನು ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ.

"ಅದು ನನ್ನ ಎಂಜಲ ಐತ್ರಿ, ಬೀಗರ," ಎಂದ ಲಗಮಣ್ಣ.

ಬಶಿ ಹಿಡಿದ ರಾವಸಾಹೇಬನ ಕೈ ಗಾಳಿಯಲ್ಲೇ ನಿಂತಿತು. ರಾಜಾರಾಮನ ಕೈಯಿಂದ ಪಾನಾ ಜಾರಿ ಕಲ್ಲಿನ ಮೇಲೆ ಠಣ್ ಎಂದಿತು. ಅಕ್ಕವ್ವ ಬೆಳ್ಳುಳ್ಳಿಯ ಮೊರವನ್ನು ಪಕ್ಕಕ್ಕಿಟ್ಟು, ಮಗನ ತೊಡೆಯ ಮೇಲೆ ಫಟ್ಟೆಂದು ಹೊಡೆದಳು.

"ಬಾಯಾಗಿಂದ ಬಂತಲ್ಲೋ ಲಗಮಣ್ಣಾ. ಬೀಗರ ಅಂದಿ. ಇನ್ನ ಯಾವ ರಾಯಬಾಗ?"

ಲಗಮಣ್ಣ ಮೊದಲು ತಾಯಿಯ ಮುಖ ನೋಡಿದ, ಆಮೇಲೆ ಖಾಲಿ ಬಶಿ ನೋಡಿದ, ಆಮೇಲೆ ನಕ್ಕ. ಅವನ ನಗೆ ದೊಡ್ಡದು, ಹೊಳೆಯಾಚೆ ಕೇಳುವಂಥದ್ದು. ರಾವಸಾಹೇಬನೂ ಸೇರಿಕೊಂಡ. ನಗುವುದನ್ನು ಅವನು ಸೋಮವಾರ ಬಿಟ್ಟಿರಲಿಲ್ಲವಲ್ಲ. ಇಬ್ಬರು ಹಿರಿಯರು ಒಬ್ಬರ ಭುಜ ಒಬ್ಬರು ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಯಾತಕ್ಕೆ ಎಂದು ಗೊತ್ತಿಲ್ಲದಿದ್ದರೂ ಗೋಡೆಯಾಚೆಯ ಹೆಂಗಸರೂ ನಕ್ಕರು. ಒಳಗಿನಿಂದ ಹೊಸ ಚಹಾ ಬಂತು. ಒಂದಾಯಿತು, ಎರಡಾಯಿತು, ನೆರೆಮನೆಯಿಂದ ಮೂರನೆಯದು ಬಂತು. ನಲವತ್ತೈದು ದಿನದ ಉಪವಾಸದ ತಲೆಗೆ ಚಹಾ ಜೋರಾಗಿಯೇ ಏರಿತು. ಅವನಿಗೆ ಕೃಷ್ಣಾ ಹೊಳೆಯೇ ಕಟ್ಟೆಯ ಹತ್ತಿರ ಬಂದು ಹೋದಂತೆ ಕಂಡಿತು. ಎಲ್ಲವನ್ನೂ ಬಿಟ್ಟು ಬಿಟ್ಟು ಪಡೆದ ಖುಷಿಗಿಂತ ಈ ಒಂದು ಎಂಜಲು ಬಶಿಯ ಖುಷಿ ಯಾಕೆ ದೊಡ್ಡದು ಎಂದು ಅವನು ಯೋಚಿಸಹೋದ, ಯೋಚನೆ ಮುಗಿಯುವ ಮೊದಲೇ ನಾಲ್ಕನೆಯ ಕಪ್ಪು ಬಂತು.

ವೈಶಾಖದಲ್ಲಿ ಲಗ್ನ ಎಂದಾಯಿತು. ರಾವಸಾಹೇಬ ತಲೆಯಾಡಿಸಿಯೇ ಎಲ್ಲಕ್ಕೂ ಒಪ್ಪಿದ. ಅವನನ್ನು ಬಸ್ಸಿಗೆ ಹತ್ತಿಸಲು ರಾಜಾರಾಮ ಸೈಕಲ್ ತಳ್ಳಿಕೊಂಡು ಜೊತೆಗೆ ಬಂದ. ಬಸ್ಸು ಸರಕಾರದ್ದು, ಅದನ್ನು ಬಿಡಲು ತಾನು ಯಾರು ಎಂದು ರಾವಸಾಹೇಬ ಆಗಲೇ ತೀರ್ಮಾನಿಸಿದ್ದ. ದಾರಿಯಲ್ಲಿ ಹುಡುಗ ಅಳುಕುತ್ತ, ಮೀಸೆಗೆ ಚಹಾ ಅಂಟಿದೆ, ಒರೆಸಿಕೊಳ್ಳಿ ಎಂದು ತನ್ನ ಕರವಸ್ತ್ರ ಕೊಟ್ಟ. ರಾವಸಾಹೇಬ ಬೇಡವೆಂದು ಕೈಯಾಡಿಸಿದ. ಬಸ್ಸಿನಲ್ಲಿ ಪಕ್ಕದವನೂ ಅದನ್ನೇ ಹೇಳಿದ. ಕಂಡಕ್ಟರು ತನ್ನ ತುಟಿಯ ಮೇಲೆ ಬೆರಳಾಡಿಸಿ ತೋರಿಸಿದ. ರಾವಸಾಹೇಬ ಇಬ್ಬರಿಗೂ ಕೈಮುಗಿದು, ಮೀಸೆಗೆ ಗಾಳಿಯೂ ತಾಗದ ಹಾಗೆ ಕಿಟಕಿಯ ಗಾಜು ಎಳೆದುಕೊಂಡು ಕೂತ.

ಐನಾಪುರಕ್ಕೆ ಬಂದಾಗ ಸೂರ್ಯ ಮುಳುಗಲು ಇನ್ನೂ ಒಂದು ಮಾರು ಇತ್ತು. ಮನೆಯ ಬಾಗಿಲಲ್ಲಿ ಸೋನಾಬಾಯಿ, ಮುರಗೆಪ್ಪ ಇಬ್ಬರೂ ನಿಂತಿದ್ದರು. ಏನಾಯಿತು ಏನಾಯಿತು ಎಂದು ಇಬ್ಬರೂ ಒಟ್ಟಿಗೇ ಕೇಳಿದರು. ಅವನು ಅವರ ನಡುವೆ ಹಾದು ಪಡಸಾಲೆಗೆ ಹೋದ. ಗಿರಿಜಾ ಗೋಡೆಗೆ ಒರಗಿ, ಆ ಐದು ಸಾಲುಗಳ ಕೆಳಗಿನ ಖಾಲಿ ಜಾಗದ ಹತ್ತಿರ ಕೂತಿದ್ದಳು. ಅಪ್ಪ ಬಂದದ್ದು ತಿಳಿದರೂ ತಲೆ ಎತ್ತಲಿಲ್ಲ. ಅವನು ಮಗಳ ಎದುರು ನೆಲದ ಮೇಲೆ ಕೂತು, ಅವಳ ಗದ್ದ ಹಿಡಿದು ಮೆಲ್ಲಗೆ ಎತ್ತಿದ.

ಅವಳು ನೋಡಿದಳು. ಅಪ್ಪನ ಬಿಳಿ ಮೀಸೆಯ ತುದಿಯಿಂದ ತುದಿಯವರೆಗೆ ಕಂದು ಬಣ್ಣದ ಒಂದು ಗೆರೆ ಒಣಗಿ ಅಂಟಿತ್ತು. ಗಿರಿಜಾ ಅದನ್ನು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ಎದ್ದು, ಗೋಡೆಯ ಮೊದಲ ಸಾಲಿನ ಮೇಲೆ ಅಂಗೈಯಿಟ್ಟು 'ಚಹಾ' ಎಂಬುದನ್ನು ಎಡದಿಂದ ಬಲಕ್ಕೆ ಉಜ್ಜಿ ಅಳಿಸಿದಳು. ಅಂಗೈಯೆಲ್ಲ ಬೆಳ್ಳಗಾಯಿತು. ಅದೇ ಕೈಯಿಂದ ಕಣ್ಣೊರೆಸಿಕೊಂಡಳು, ಕೆನ್ನೆಯೂ ಬೆಳ್ಳಗಾಯಿತು. ನಗುತ್ತ ಒಲೆಯ ಕಡೆ ಓಡಿ, ಅಲ್ಲಿಂದಲೇ ಕೂಗಿ ಕೇಳಿದಳು:

"ಸಕ್ಕರಿ ಎಷ್ಟ ಹಾಕಲಿ ಅಪ್ಪಾ?"

ಸೂರ್ಯ ಇನ್ನೂ ಮುಳುಗಿರಲಿಲ್ಲ. ರಾವಸಾಹೇಬ ಪಡಸಾಲೆಯಲ್ಲಿ ಕೂತಲ್ಲಿಂದಲೇ ಮೂರು ಬೆರಳು ಎತ್ತಿ ಹಿಡಿದ.